ಕೆಂಪು ಶಾಯಿಯ ಕೊನೆಯ ಸಾಲು

ಚಾಮರಾಜಪುರಂನ ನಮ್ಮ ಬಾಡಿಗೆ ಮನೆಗೆ ಹೊಸದಾಗಿ ಬಂದವರು ಕೂರುವುದಕ್ಕೆ ಮುಂಚೆ ಗೋಡೆ ಓದುತ್ತಿದ್ದರು. ಬೇರೆಯವರ ಮನೆಯಲ್ಲಿ ದೇವರ ಕ್ಯಾಲೆಂಡರು, ಮದುವೆಯ ಫೋಟೋ ಇರುವ ಜಾಗದಲ್ಲಿ ನಮ್ಮಲ್ಲಿ ಅಪ್ಪ ಬರೆದ ಹಾಳೆಗಳಿದ್ದವು. ಬಚ್ಚಲ ಹೊರಗೆ ‘ಹಂಡೆಗೆ ಉರಿ ಹಾಕುವ ವಿಧಾನ’. ನಡುಮನೆಯ ಸ್ವಿಚ್ ಬೋರ್ಡಿನ ಪಕ್ಕ ‘ಫ್ಯೂಸ್ ಹೋದಾಗ ಹಾಕುವ ವಿಧಾನ’. ಅಡುಗೆಮನೆಯಲ್ಲಿ ಕುಕ್ಕರಿಗೊಂದು, ಗ್ಯಾಸ್ ಸಿಲಿಂಡರಿಗೊಂದು, ಹಿಟ್ಟು ರುಬ್ಬುವ ಗ್ರೈಂಡರಿಗೊಂದು. ಹಿತ್ತಿಲ ಬಾಗಿಲಿನ ಚಿಲಕ ಸೊಟ್ಟಗಿದೆ ಎಂದು ಅದಕ್ಕೂ ಒಂದು. ದುಂಡನೆಯ ನೀಲಿ ಅಕ್ಷರ, ಒಂದೇ ಪ್ಯಾರಾ, ಕೊನೆಯ ಸಾಲು ಮಾತ್ರ ಕೆಂಪು ಶಾಯಿಯಲ್ಲಿ. ಚಿಲಕ ರಿಪೇರಿ ಮಾಡಿಸುವುದು ಬಿಟ್ಟು ಅದರ ಬಗ್ಗೆ ಬರೆದು ಅಂಟಿಸುವ ಗಂಡಸನ್ನು ತಾನು ಇನ್ನೆಲ್ಲೂ ಕಂಡಿಲ್ಲ ಎಂದು ಅಮ್ಮ ಬಂದವರೆದುರೇ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಕಣ್ಣು ಮುಚ್ಚಿ ಆ ಮನೆಯೊಳಗೆ ಹೋದರೆ ನಗು ಬರುವುದಿಲ್ಲ. ಗೋಡೆಯಿಂದ ಗೋಡೆಗೆ ಆ ಕೆಂಪು ಸಾಲುಗಳೇ ಕಾಣುತ್ತವೆ, ಎಲ್ಲವೂ ಹಾಳೆಯ ತೀರಾ ಕೆಳಗೆ.

ಅಪ್ಪ ಮೇಟಗಳ್ಳಿಯಲ್ಲಿ ಸ್ಟೀಲ್ ಡಬ್ಬಗಳಿಗೆ ಮುಚ್ಚಳ ಒತ್ತುವ ಒಂದು ಕಾರ್ಖಾನೆಯಲ್ಲಿದ್ದರು. ಮೊದಲು ಅವರೂ ಯಂತ್ರದ ಮುಂದೆ ನಿಲ್ಲುವವರೇ. ಯಂತ್ರಗಳ ಜೊತೆ ಬಂದ ಇಂಗ್ಲಿಷ್ ಪುಸ್ತಕಗಳು ಯಾರಿಗೂ ಅರ್ಥವಾಗದೆ ಬೀರುವಿನಲ್ಲಿ ಕೊಳೆಯುತ್ತಿದ್ದವು. ನಾಗರಾಜಪ್ಪನ ಅಕ್ಷರ ಚೆನ್ನಾಗಿದೆ, ಕನ್ನಡವೂ ಚೆನ್ನಾಗಿದೆ ಎಂದು ಯಾರೋ ಮೇಲಿನವರ ಕಿವಿಗೆ ಹಾಕಿದರು. ಅಂದಿನಿಂದ ಪ್ರತಿ ಯಂತ್ರದ ಪಕ್ಕ ಕನ್ನಡದಲ್ಲಿ ಒಂದು ಹಾಳೆ ಬರೆದು ಅಂಟಿಸುವುದೇ ಅವರ ಕೆಲಸವಾಯಿತು. ಶುರು ಮಾಡುವುದು ಹೇಗೆ, ಎಣ್ಣೆ ಬಿಡುವುದು ಹೇಗೆ, ತಗಡು ಸಿಕ್ಕಿಕೊಂಡರೆ ತೆಗೆಯುವುದು ಹೇಗೆ. ಅಪ್ಪನಿಗೆ ಇದು ಬರೀ ನೌಕರಿಯಾಗಿರಲಿಲ್ಲ, ಒಂದು ಹುಚ್ಚೇ ಆಗಿತ್ತು. ಒಂದು ವಾಕ್ಯಕ್ಕೆ ಒಂದೇ ಕೆಲಸ ಇರಬೇಕು. ‘ಸ್ವಲ್ಪ’ ಅನ್ನಬಾರದು. ‘ಸರಿಯಾಗಿ’ ಅನ್ನಬಾರದು, ಸರಿ ಯಾವುದು ಎಂದು ತಿಳಿಯದವನೇ ಹಾಳೆ ಓದುವುದು. ಓದುವವನಿಗೂ ಅವರದೊಂದು ನಿಯಮವಿತ್ತು. ಪೂರ್ತಿ ಓದಿ ನೆನಪಿಟ್ಟುಕೊಳ್ಳಲು ಹೋದರೆ ಅರ್ಧ ಮರೆಯುತ್ತದೆ, ಆದ್ದರಿಂದ ಒಂದು ಸಾಲು ಓದು, ಒಂದು ಕೆಲಸ ಮಾಡು, ಆಮೇಲೆ ಮುಂದಿನ ಸಾಲು. ಈ ಮಾತನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನಗೆ ಪರೀಕ್ಷೆ. ಯಾವುದಾದರೊಂದು ಕೆಲಸ ಹೇಗೆ ಮಾಡಬೇಕೆಂದು ನಾನು ಒಂದು ಪ್ಯಾರಾ ಬರೆಯಬೇಕು. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಆ ಕೆಲಸ ಹುಟ್ಟಿದಾಗಿನಿಂದ ಕಂಡೇ ಇಲ್ಲವೇನೋ ಎಂಬಂತೆ, ಬರೆದಷ್ಟನ್ನೇ ಮಾಡುತ್ತಿದ್ದರು. ಒಮ್ಮೆ ಕಾಫಿ ಡಿಕಾಕ್ಷನ್ ಹಾಕುವುದನ್ನು ಬರೆದೆ. ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಸುರಿಯಿರಿ, ಮುಚ್ಚಿಡಿ. ಅಪ್ಪ ಫಿಲ್ಟರಿನ ಮೇಲಿನ ಭಾಗವನ್ನಷ್ಟೇ ಕಟ್ಟೆಯ ಮೇಲಿಟ್ಟು ಪುಡಿ ಹಾಕಿ ನೀರು ಸುರಿದರು. ಕಪ್ಪು ನೀರು ಕಟ್ಟೆಯೆಲ್ಲ ಹರಿದು ಅಮ್ಮನ ಕಾಲಿನ ಹತ್ತಿರ ತೊಟ್ಟಿಕ್ಕಿತು.

“ಕೆಳಗಿನ ಪಾತ್ರೆ ಎಲ್ಲಿ ಬರ್ದಿದೀಯ?”

“ಅದು ಯಾವಾಗ್ಲೂ ಇರತ್ತಲ್ಲಪ್ಪ.”

“ನಿಂಗೊತ್ತು. ಹಾಳೆಗೆ ಗೊತ್ತಿಲ್ವಲ್ಲ. ಎಲ್ರಿಗೂ ಗೊತ್ತಿರೋದನ್ನ ಯಾರೂ ಬರಿಯಲ್ಲ ಕಣೆ ಗಿರಿಜಾ, ಜನ ಜಾರಿ ಬೀಳೋದು ಅಲ್ಲೇ.”

“ನಿಮ್ ಪಾಠಕ್ಕೆ ನನ್ ಕಾಫಿಪುಡಿನೇ ಆಗ್ಬೇಕಿತ್ತಾ?” ಎಂದು ಅಮ್ಮ ನೆಲ ಒರೆಸುವ ಬಟ್ಟೆ ತಂದು ಅಪ್ಪನ ಕೈಗೇ ಕೊಟ್ಟಳು.

ಅಪ್ಪ ತಾವು ಬರೆದದ್ದನ್ನು ಪರೀಕ್ಷಿಸುತ್ತಿದ್ದುದು ಅಜ್ಜಿಯ ಮೇಲೆ. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ನಡುಮನೆಯ ಕಂಬಕ್ಕೆ ಒರಗಿ ಕೂತರೆ, ಅಪ್ಪ ಎದುರಿಗೆ ಕೂತು ಹಾಳೆ ಓದುವರು. ಅಜ್ಜಿ ಕೇಳುತ್ತ ಕೇಳುತ್ತ ಗಾಳಿಯಲ್ಲಿ ಕೈಯಾಡಿಸಿ ಆ ಕೆಲಸ ಮಾಡುವಳು. ಮುಚ್ಚಳ ತೆಗೆಯಿರಿ ಎಂದರೆ ಇಲ್ಲದ ಮುಚ್ಚಳ ತೆಗೆದು ಪಕ್ಕಕ್ಕಿಡುವಳು. ಎಲ್ಲಾದರೂ ಅವಳ ಕೈ ಏನು ಮಾಡಬೇಕೆಂದು ತೋಚದೆ ಗಾಳಿಯಲ್ಲೇ ನಿಂತುಬಿಟ್ಟರೆ ಅಪ್ಪ ಹಾಳೆ ಹರಿದು ಹೊಸದಾಗಿ ಬರೆಯುತ್ತಿದ್ದರು. ಕೆಂಪು ಸಾಲು ಬಂದಾಗ ಮಾತ್ರ ಅಜ್ಜಿ ಕೈಗಳನ್ನು ಮಡಿಲಿಗೆ ಇಳಿಸಿ ಹೂಂ, ಹೂಂ ಎಂದು ತಲೆಯಾಡಿಸುವಳು. ಅದು ಅವಳದೇ ಮಾತು ಅಲ್ಲವೇ?

ಅದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಯಿಂದ ಯಾರೇ ಹೊರಟರೂ ಅಜ್ಜಿ ಹೊಸಿಲವರೆಗೆ ಬರುತ್ತಿದ್ದಳು. ಒಳಗೆ ಇರುವಷ್ಟು ಹೊತ್ತೂ ಮಳೆ, ಬೆಳೆ, ನೆಂಟರ ಜಗಳ ಎಲ್ಲ ಮಾತಾಡಿ, ನಾವು ಚಪ್ಪಲಿ ಮೆಟ್ಟಿ ಗೇಟಿಗೆ ಕೈ ಹಾಕಿದ ಮೇಲೆ ಹಿಂದಿನಿಂದ ಒಂದು ಮಾತು ಬರುತ್ತಿತ್ತು. “ಹುಷಾರು ಕಣೋ.” ಹೊರಟವರನ್ನು ಹಿಂದಿನಿಂದ ಕೂಗಬಾರದು, ಆದರೆ ಈ ಮಾತಿಗೆ ದೋಷವಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಅದಾದ ಮೇಲೆ ಯಾರೂ ಬೇರೆ ಮಾತಾಡಬಾರದು, ಆಡಿದರೆ ಹುಷಾರು ಅಳಿಸಿಹೋಗುತ್ತದೆ. ಕೊನೆಗೆ ಕೇಳಿದ ಮಾತೇ ದಾರಿಯುದ್ದಕ್ಕೂ ಜೊತೆಗೆ ಬರುವುದು ಎಂದು ಅವಳ ನಂಬಿಕೆ. ಅಪ್ಪ ಆ ಮಾತು ಕೇಳಿಯೇ ಬೆಳೆದವರು. ಅದಕ್ಕೇ ಅವರ ಹಾಳೆಗಳಲ್ಲೂ ಎಚ್ಚರಿಕೆ ಎಂಬುದು ಕೊನೆಗೆ ಬರುತ್ತಿತ್ತು, ಎದ್ದು ಕಾಣಲೆಂದು ಕೆಂಪಿನಲ್ಲಿ. ಗ್ಯಾಸಿನ ಹಾಳೆಯಲ್ಲೂ ಹಾಗೆ, ಫ್ಯೂಸಿನ ಹಾಳೆಯಲ್ಲೂ ಹಾಗೆ. ನಮಗೆಲ್ಲ ಆ ಕೆಲಸಗಳು ಗೊತ್ತಿದ್ದುದರಿಂದ ಯಾರೂ ಹಾಳೆ ನೋಡಿ ಮಾಡುತ್ತಿರಲಿಲ್ಲ. ಹೀಗಾಗಿ ವರ್ಷಗಟ್ಟಲೆ ಏನೂ ಆಗಲಿಲ್ಲ.

ಹಾಳೆ ನೋಡಿಯೇ ಕೆಲಸ ಮಾಡುವವನು ಒಬ್ಬ ಬಂದ. ಮಾದೇವ. ವರುಣಾ ಕಡೆಯ ಹಳ್ಳಿಯವನು, ಕಾರ್ಖಾನೆಗೆ ಹೊಸದಾಗಿ ಸೇರಿದವನು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಶಾಲೆ ಬೇಗ ಬಿಟ್ಟಿದ್ದರಿಂದ ಓದು ನಿಧಾನ. ಹಾಳೆ ಓದಲು ಬಾರದವರನ್ನು ಯಂತ್ರಕ್ಕೆ ಹಾಕುವುದಿಲ್ಲ ಎಂದಾಗ ಅಪ್ಪನೇ ಅವನನ್ನು ಮನೆಗೆ ಕರೆದರು. ರಜೆಯ ಸಂಜೆ ಸೈಕಲ್ಲಿನಲ್ಲಿ ಬಂದು ಜಗುಲಿಯ ಮೇಲೆ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಜೋಡಿಸಿ ಓದುತ್ತಿದ್ದ. ನಾನು ಅವನನ್ನು ಮಾದೇವಣ್ಣ ಎಂದು ಕರೆಯುತ್ತಿದ್ದೆ. ಅವನು ತಪ್ಪು ಓದಿದಾಗ ನಾನು ಸರಿ ಮಾಡುತ್ತಿದ್ದೆ, ಅವನಿಗೆ ಅದರಿಂದ ಬೇಸರವಾಗುತ್ತಿರಲಿಲ್ಲ. “ಈ ಕೂಸಿಗೆ ಇರೋ ಬುದ್ಧಿ ನಂಗಿದ್ದಿದ್ರೆ ಸಾ, ನಾನೂ ಕುರ್ಚಿ ಮ್ಯಾಲೆ ಕೂತ್ಕತಿದ್ದೆ” ಎನ್ನುತ್ತಿದ್ದ. ಅಪ್ಪ ಅವನಿಗೂ ಅದೇ ಮಂತ್ರ ಹೇಳಿಕೊಟ್ಟರು.

“ಅರ್ಜೆಂಟ್ ಮಾಡ್ಕೋಬೇಡ. ಒಂದು ಸಾಲು ಓದು, ಒಂದು ಕೆಲಸ ಮಾಡು. ಮಿಕ್ಕಿದ್ದು ಹಾಳೆ ನೋಡ್ಕೊಳತ್ತೆ.”

“ಅಂಗೇ ಆಗ್ಲಿ ಸಾ.”

ಅವನು ಹೊರಟಾಗ ಅಜ್ಜಿ ಹೊಸಿಲಿಗೆ ಬಂದು ಅವನಿಗೂ “ಹುಷಾರು ಕಣಪ್ಪ” ಎನ್ನುತ್ತಿದ್ದಳು. ಅವನು ಗೇಟಿನ ಹತ್ತಿರ ಬೇಕೆಂದೇ ನಿಧಾನ ಮಾಡುತ್ತಿದ್ದ. ಆ ಮಾತು ಕೇಳಿಸಿಕೊಂಡು, ತಲೆಯಾಡಿಸಿ, ಸೈಕಲ್ ಹತ್ತುತ್ತಿದ್ದ. ಊರಿನಲ್ಲಿ ತನ್ನ ತಾಯಿಯೂ ಹೀಗೇ ಅನ್ನುತ್ತಾಳೆ ಎಂದು ಒಮ್ಮೆ ಹೇಳಿದ್ದ.

ಆ ದಿನ ಅಪ್ಪ ಯಾವತ್ತೂ ಬರದ ಹೊತ್ತಿನಲ್ಲಿ ಬಂದರು. ನಾನು ಶಾಲೆಯಿಂದ ಬಂದು ಅವಲಕ್ಕಿ ತಿನ್ನುತ್ತಿದ್ದೆ. ಅವರು ಚಪ್ಪಲಿ ಬಿಡದೆ ಒಳಗೆ ಬಂದು, ಯಾರನ್ನೂ ನೋಡದೆ, ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬೀಳುವ ಸದ್ದು ನಿಲ್ಲಲೇ ಇಲ್ಲ. ಅಮ್ಮ ಬಾಗಿಲ ಹತ್ತಿರ ಹೋಗಿ “ಏನ್ರೀ” ಎಂದಳು. ಒಳಗೆ ಅವರು ಸೋಪು ಹಾಕಿ ಕೈ ತೊಳೆಯುತ್ತಲೇ ಇದ್ದರು. ಹೊರಗೆ ಬಂದಾಗ ತಮ್ಮ ಶರ್ಟನ್ನು ಉಂಡೆ ಮಾಡಿ ಹಿಡಿದಿದ್ದರು. ಅದನ್ನು ಅಮ್ಮ ಕಿತ್ತುಕೊಂಡು ಹಿತ್ತಿಲಿಗೆ ಹೋದಳು. ನನಗೆ ಅದು ಕಾಣಬಾರದೆಂದು ಅಜ್ಜಿ ನನ್ನ ತಲೆಯನ್ನು ತನ್ನ ಸೆರಗಿಗೆ ಒತ್ತಿಕೊಂಡಳು. ಕಾಣಬಾರದೆಂದರೆ ಕಾಣದೇ ಇರುತ್ತದೆಯೇ?

“ಮಾದೇವನ ಕೈ ಹೋಯ್ತು,” ಎಂದರು ಅಪ್ಪ. “ಬಲಗೈ. ಮುಚ್ಚಳ ಒತ್ತೋ ಪ್ರೆಸ್ಸಲ್ಲಿ ತಗಡು ಸಿಕ್ಕೊಂಡಿತ್ತು. ಮೇನ್ ಆಫ್ ಮಾಡದೆ ಕೈ ಹಾಕ್ಬುಟ್ಟಿದಾನೆ.” ಆಮೇಲೆ, ಯಾರೋ ಕೇಳಿದಂತೆ, “ನಾನು ಬರ್ದಿದ್ದೆ. ಕೆಂಪು ಶಾಯೀಲಿ ಬರ್ದಿದ್ದೆ” ಎಂದರು.

ಆಮೇಲಿನ ದಿನಗಳಲ್ಲಿ ಅವರು ಆ ಮಾತನ್ನು ಊಟದ ನಡುವೆ ಹೇಳುವರು, ಮುಖ ತೊಳೆಯುವಾಗ ಹೇಳುವರು, ನಾನು ಲೆಕ್ಕ ತೋರಿಸಲು ಹೋದರೆ ಪುಸ್ತಕ ನೋಡುತ್ತ ಹೇಳುವರು. ಭಾನುವಾರದ ಪರೀಕ್ಷೆ ನಿಂತಿತು. ಅಮ್ಮ ಪಾತ್ರೆಗಳನ್ನು ಸದ್ದಾಗದಂತೆ ಇಡತೊಡಗಿದಳು. ಹೊರಗೆ ಗೇಟು ಕಿರ್ ಎಂದರೆ ನಾಲ್ವರೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದೆವು. ಏನೋ ಬರಲಿದೆ ಎಂದು ಗೊತ್ತಿತ್ತು, ಅದು ಯಾವ ವೇಷದಲ್ಲಿ ಬರುತ್ತದೆ ಎಂದು ಗೊತ್ತಿರಲಿಲ್ಲ. ಬಂದದ್ದು ಬೇಕರಿಯ ಸಿಹಿಯ ಡಬ್ಬ ಹಿಡಿದುಕೊಂಡು. ಕಾರ್ಖಾನೆಯ ಮ್ಯಾನೇಜರು ನಮ್ಮ ಮನೆಗೆ ಎಂದೂ ಬಂದವರಲ್ಲ. ಬಂದವರೇ ಎಲ್ಲರಂತೆ ಗೋಡೆ ಓದಿದರು. ಕೆಂಪು ಸಾಲಿನ ಮೇಲೆ ಬೆರಳಿಟ್ಟು ನಕ್ಕರು.

“ನೋಡಿ ನಾಗರಾಜಪ್ಪನವರೇ, ಮನೇಲೂ ಇಷ್ಟು ಶಿಸ್ತಾಗಿ ಬರೆಯೋರು ನೀವು. ಪ್ರೆಸ್ಸಿನ ಹಾಳೇಲೂ ಎಚ್ಚರಿಕೆ ಇದೆ, ಕೆಂಪಲ್ಲೇ ಇದೆ, ನಾನೇ ನೋಡ್ದೆ. ನಿಮ್ಮದೇನೂ ತಪ್ಪಿಲ್ಲ. ವಿಚಾರಣೆಗೆ ನಿಮ್ಮದೊಂದು ಹೇಳಿಕೆ ಬೇಕು, ಒಂದು ಪ್ಯಾರಾ ಸಾಕು. ಎಚ್ಚರಿಕೆ ಬರೆದಿತ್ತು, ಅವನು ಓದದೆ ಕೈ ಹಾಕಿದ. ಅಷ್ಟೇ.”

“ಹಾಗೆ ಬರೆದ್ರೆ ಅವನಿಗೇನಾಗತ್ತೆ ಸರ್?”

“ಅವನ ಅಜಾಗರೂಕತೆ ಅಂತಾಗತ್ತೆ. ಪರಿಹಾರ ಗಿರಿಹಾರ ಅಂತ ಕೇಳಕ್ಕಾಗಲ್ಲ. ಆದರೆ ನೀವು ಬರೀದಿದ್ರೆ ತಪ್ಪು ಹಾಳೇದು ಅಂತಾಗತ್ತೆ. ಹಾಳೆ ನಿಮ್ಮದು.” ಅವರು ನನ್ನನ್ನು ನೋಡಿ “ಯಾವ ಕ್ಲಾಸಮ್ಮ?” ಎಂದು ಕೇಳಿದರು. ನಾನು ಹೇಳಿದೆ. “ಚೆನ್ನಾಗಿ ಓದು” ಎಂದು ಎದ್ದರು. ಅವತ್ತು ಅಜ್ಜಿ ಹೊಸಿಲಿಗೆ ಹೋಗಲಿಲ್ಲ. ಡಬ್ಬವನ್ನು ಯಾರೂ ತೆರೆಯಲಿಲ್ಲ. ಇರುವೆಗಳು ಸಾಲುಗಟ್ಟಿ ಬಂದು ಅದನ್ನು ತಾವೇ ತೆರೆದುಕೊಂಡವು.

ಅಪ್ಪ ಆಸ್ಪತ್ರೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ ಎಂದು ಈಗ ತಿಳಿಯುತ್ತದೆ. ಮಾದೇವಣ್ಣ ಗೋಡೆಗೆ ದಿಂಬು ಇಟ್ಟುಕೊಂಡು ಕೂತಿದ್ದ. ಮಣಿಕಟ್ಟಿನ ಮೇಲೆ ಬ್ಯಾಂಡೇಜು ದಪ್ಪಗೆ ಸುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ಅವನ ಹೆಂಡತಿ ಕಿಟಕಿಯ ಹತ್ತಿರ ನಮಗೆ ಬೆನ್ನು ತಿರುಗಿಸಿ ನಿಂತಿದ್ದಳು. ಅಪ್ಪನನ್ನು ನೋಡಿ ಅವನು ಏಳಲು ಹೋಗಿ, ಇಲ್ಲದ ಕೈಯನ್ನು ಊರಲು ಹೋಗಿ, ವಾಲಿದ. ಅಪ್ಪ ಹಿಡಿದುಕೊಂಡರು.

“ತಪ್ಪಾಯ್ತು ಸಾ,” ಎಂದ ಅವನು. ಹೌದು, ಅವನೇ ಹೇಳಿದ್ದು. “ನಿಮ್ ಹೆಸ್ರು ಕೆಡಿಸ್ಬುಟ್ಟೆ. ನೀವ್ ಹೇಳ್ಕೊಟ್ಟಂಗೇ ಮಾಡ್ದೆ. ಒಂದ್ ಸಾಲ್ ಓದ್ದೆ, ಮಿಷಿನ್ ಬಾಗ್ಲು ತೆಗ್ದೆ. ಇನ್ನೊಂದ್ ಸಾಲ್ ಓದ್ದೆ, ಕೈ ಹಾಕಿ ಎಳ್ದೆ. ಆಮ್ಯಾಕೆ ಏನ್ ಬರ್ದಿತ್ತೋ ಓದಕ್ಕಾಗ್ನಿಲ್ಲ ಸಾ. ಎಲ್ಲೋ ನಾನೇ ಓದದ್ರಲ್ಲಿ ತಪ್ಪಿರ್ಬೇಕು.”

ಬರುವ ದಾರಿಯಲ್ಲಿ ಅಪ್ಪನ ಕೈಯೊಳಗೆ ನನ್ನ ಕೈ ಇತ್ತು, ನೋವಾಗುವಷ್ಟು ಬಿಗಿಯಾಗಿ. ನಾನು ಬಿಡಿಸಿಕೊಳ್ಳಲಿಲ್ಲ. ನನಗೆ ಅವತ್ತು ತುಂಬ ಭಯವಾಗಿತ್ತು.

ಮನೆಗೆ ಬಂದಾಗ ಅಮ್ಮ ದೋಸೆಗೆ ಹಾಕಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಗ್ರೈಂಡರ್ ಗೊರಗೊರ ತಿರುಗುತ್ತಿತ್ತು. ಅದರ ಮೇಲಿನ ಗೋಡೆಯಲ್ಲಿ ಅಪ್ಪನ ಹಾಳೆ, ಹಿಟ್ಟಿನ ಕಲೆಗಳಿಂದ ಅರ್ಧ ಬಿಳಿಯಾದದ್ದು. ಅಪ್ಪ ಅದರ ಮುಂದೆ ಹೋಗಿ ನಿಂತರು. ಎಂದೂ ಕಾಣದ್ದನ್ನು ನೋಡುವವರಂತೆ ನೋಡಿದರು. ಭಾನುವಾರಗಳಲ್ಲಿ ನನ್ನ ಪ್ಯಾರಾ ಹಿಡಿದಾಗ ಅವರ ಮುಖ ಹಾಗಾಗುತ್ತಿತ್ತು. ಜೋರಾಗಿ ಓದಿದರು: “ಮುಚ್ಚಳವನ್ನು ತೆಗೆಯಿರಿ.” ತೆಗೆದರು. “ಅಂಚಿಗೆ ಮೆತ್ತಿದ ಹಿಟ್ಟನ್ನು ಒಳಕ್ಕೆ ತಳ್ಳಿರಿ.” ತಳ್ಳಿದರು. ಅಮ್ಮ ಕಾಯಿ ತುರಿಯುತ್ತಿದ್ದವಳು ತಲೆಯೆತ್ತಿದಳು. “ಕಲ್ಲಿನ ಬುಡದಲ್ಲಿ ಸಿಕ್ಕಿಕೊಂಡ ಕಾಳನ್ನು ಬೆರಳಿನಿಂದ ಎಬ್ಬಿಸಿ ತೆಗೆಯಿರಿ.” ಅವರ ಬಲಗೈ ಕೆಳಗೆ ಇಳಿಯಿತು, ಹಿಟ್ಟಿನೊಳಗೆ ಬೆರಳು, ಆಮೇಲೆ ಮಣಿಕಟ್ಟು. ಕಲ್ಲು ತಿರುಗುತ್ತಲೇ ಇತ್ತು. ಅವರ ಕಣ್ಣು ಹಾಳೆಯ ಮೇಲಿತ್ತು, ಕೈಯ ಮೇಲಿರಲಿಲ್ಲ. ಅಮ್ಮ ಈಳಿಗೆಮಣೆ ದಾಟಿ ಹಾರಿ ಸ್ವಿಚ್ಚಿಗೆ ಹೊಡೆದಳು. ಕಲ್ಲು ತನ್ನ ಪಾಡಿಗೆ ಇನ್ನೊಂದು ಸುತ್ತು ನಿಧಾನಕ್ಕೆ ತಿರುಗಿ, ಅಪ್ಪನ ಬೆರಳಿಗೆ ತಾಗುವಷ್ಟರಲ್ಲಿ ನಿಂತಿತು. ಆಗ ಅಪ್ಪ ಕೆಂಪು ಸಾಲು ಓದಿದರು. “ಇವೆಲ್ಲವನ್ನೂ ಮಾಡುವ ಮೊದಲು ಸ್ವಿಚ್ಚನ್ನು ಆಫ್ ಮಾಡಿರಬೇಕು.”

“ಅದೂ ಹಿಂಗೇ ಬರ್ದಿದೀನಿ,” ಎಂದರು. “ಪ್ರೆಸ್ಸಿಂದು. ಹಿಂಗೇ, ಕೊನೇಲಿ.”

ಅಮ್ಮ ಅವರ ಕೈ ಹಿಡಿದೆಳೆದು, ಹಿಟ್ಟು ಒರೆಸಿ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಅಂಥ ಸಿಟ್ಟನ್ನು ನಾನು ಮತ್ತೆಂದೂ ಕಾಣಲಿಲ್ಲ. ಹೆದರಿಕೆಯೇ ಹಾಗೆ ಸಿಟ್ಟಾಗಿ ಬಂದಿತ್ತು.

“ನಿಮಗೂ ಕೈ ಹೋಗ್ಬೇಕಿತ್ತಾ? ಹೋದ್ರೆ ಅವನದು ಬರತ್ತಾ? ಆ ಮ್ಯಾನೇಜರು ಕೇಳಿದ್ದನ್ನ ಬರ್ಕೊಟ್ಬುಡಿ ರೀ. ಸುಳ್ಳೇನು ಬರೀತಿಲ್ಲವಲ್ಲ? ಸಾಲು ಇದೆಯೋ ಇಲ್ವೋ? ಈ ಕೆಲಸ ಹೋದ್ರೆ ಇವಳನ್ನ, ನಿಮ್ಮಮ್ಮನ್ನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ಅಮ್ಮನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅದರ ಕಷ್ಟ. ಸಾಲು ಇತ್ತು, ಕೆಂಪಿನಲ್ಲೇ ಇತ್ತು. ಅಪ್ಪ ಕೈ ತೊಳೆದುಕೊಂಡು ನಡುಮನೆಯಲ್ಲಿ ಕೂತು ಮ್ಯಾನೇಜರು ಹೇಳಿದಂತೆಯೇ ಒಂದು ಪ್ಯಾರಾ ಬರೆದರು. ಬೇಗ ಬರೆದರು. ಬರೆದು ಮುಗಿಸಿ, ಮಡಚಿ ಜೇಬಿಗೆ ಇಟ್ಟುಕೊಂಡಿದ್ದರೆ ನಮ್ಮ ಬದುಕು ಬೇರೆಯಾಗುತ್ತಿತ್ತು. ಆದರೆ ಏನೇ ಬರೆದರೂ ಅಜ್ಜಿಯ ಮುಂದೆ ಓದುವುದು ಅವರಿಗೆ ಉಸಿರಾಟದಷ್ಟು ರೂಢಿ. ಕಂಬಕ್ಕೆ ಒರಗಿದ್ದ ಅಜ್ಜಿಯ ಎದುರು ಕೂತರು.

“ಅಮ್ಮ, ಕೇಳ್ಸ್ಕೋ. ಪ್ರೆಸ್ಸಿನ ಹಾಳೇಲಿ ಹಿಂಗೆ ಬರ್ದಿತ್ತು ಅಂತ ಹಾಕಿದೀನಿ. ಕಾವಲು ಬಾಗಿಲನ್ನು ತೆರೆಯಿರಿ.”

ಅಜ್ಜಿ ಗಾಳಿಯಲ್ಲಿ ಬಾಗಿಲು ತೆರೆದಳು.

“ಒಳಗೆ ಕೈ ಹಾಕಿ, ಸಿಕ್ಕಿಕೊಂಡ ತಗಡನ್ನು ನಿಮ್ಮ ಕಡೆಗೆ ಎಳೆಯಿರಿ.”

ಅಜ್ಜಿ ಬಲಗೈಯನ್ನು ಮುಂದೆ ಚಾಚಿದಳು. ಬಳೆ ಇಲ್ಲದ, ನರ ಎದ್ದ ಕೈ. ಅಪ್ಪ ಮುಂದಿನ ಸಾಲುಗಳನ್ನು ಓದಿದರು, ಅಚ್ಚನ್ನು ಒರೆಸುವುದು, ಬಾಗಿಲು ಮುಚ್ಚುವುದು. ಅಜ್ಜಿಯ ಕೈ ಆಡಲಿಲ್ಲ. ಚಾಚಿದ್ದು ಚಾಚಿದಂತೆಯೇ ಇತ್ತು. ಕೆಂಪು ಸಾಲು ಬಂತು. “ಇವೆಲ್ಲವನ್ನೂ ಮಾಡುವ ಮೊದಲು ಮೇನ್ ಸ್ವಿಚ್ಚನ್ನು ಆಫ್ ಮಾಡಿರಬೇಕು.” ಎಂದಿನಂತೆ ಅಜ್ಜಿ ಕೈಯನ್ನು ಮಡಿಲಿಗೆ ಇಳಿಸಿ ಹೂಂಗುಟ್ಟುತ್ತಾಳೆ ಎಂದು ನಾವು ಕಾದೆವು. ಅವಳು ಇಳಿಸಲಿಲ್ಲ. ಆ ಕೈಯನ್ನೇ ನೋಡುತ್ತ ಕೂತಳು.

“ಈಗ ಈ ಕೈನ ಏನ್ ಮಾಡ್ಲೋ ಮಗಾ?” ಎಂದಳು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳೂ ಕೇಳಿಸಿಕೊಂಡಳು. ಬಾಗಿಲ ಚೌಕಟ್ಟಿಗೆ ಹಣೆ ಒತ್ತಿದಳು, ಆಮೇಲೆ ಒಳಗೆ ಹೋಗಿ ಅಪ್ಪನಿಗೆ ಒಂದು ಖಾಲಿ ಹಾಳೆ ತಂದುಕೊಟ್ಟಳು. ಅಪ್ಪ ಹೊಸದಾಗಿ ಬರೆದರು. ಅವರು ಬರೆದ ಪ್ಯಾರಾಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅಜ್ಜಿಗೆ ಓದಿ ಹೇಳಿದಾಗ ಕೇಳಿಸಿಕೊಂಡದ್ದು ನನಗೆ ಬಾಯಿಪಾಠವಾಗಿದೆ.

“ಮಾದೇವನು ಮೊದಲ ಸಾಲು ಓದಿದನು. ಬಾಗಿಲು ತೆರೆದನು. ಎರಡನೆಯ ಸಾಲು ಓದಿದನು. ಒಳಗೆ ಕೈ ಹಾಕಿ ತಗಡನ್ನು ಎಳೆದನು. ಹಾಗೆ ಓದಿ ಹಾಗೆ ಮಾಡಬೇಕೆಂದು ಅವನಿಗೆ ಕಲಿಸಿದವನು ನಾನು. ಸ್ವಿಚ್ಚನ್ನು ಆಫ್ ಮಾಡಬೇಕೆಂಬ ಮಾತು ಕೊನೆಯ ಸಾಲಿನಲ್ಲಿತ್ತು. ಆ ಸಾಲಿಗೆ ಅವನು ಇನ್ನೂ ಬಂದಿರಲಿಲ್ಲ. ಸಾಲುಗಳನ್ನು ಆ ಕ್ರಮದಲ್ಲಿ ಬರೆದವನೂ ನಾನೇ.”

ಇಡೀ ಹಾಳೆ ನೀಲಿ ಶಾಯಿಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಅಜ್ಜಿ ಅವರ ಹಾಸಿಗೆಯ ಪಕ್ಕ ಕೂತಿದ್ದಳು. ಅವರು ಕಣ್ಣು ಬಿಡುತ್ತಲೇ “ಹುಷಾರು ಕಣೋ” ಎಂದಳು. ಇನ್ನೂ ಮುಖ ತೊಳೆದಿಲ್ಲ, ಕಾಫಿ ಕುಡಿದಿಲ್ಲ. ಅಪ್ಪ ಅವಳನ್ನು ನೋಡುತ್ತ ಎದ್ದು ಕೂತರು. ಹೇಳಿಕೆಯನ್ನು ಜೇಬಿಗಿಟ್ಟು ಹೊರಟಾಗ ಅವಳು ಹೊಸಿಲವರೆಗೆ ಬಂದಳು, ಆದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪ ಗೇಟಿಗೆ ಕೈ ಹಾಕಿ ಅಭ್ಯಾಸದಂತೆ ನಿಂತರು. ಮಾತು ಬರಲಿಲ್ಲ. ಅವರು ಹೋದ ಮೇಲೂ ಅಜ್ಜಿ ಅಲ್ಲಿಂದ ಕದಲಲಿಲ್ಲ. ಆಮೇಲೆ ಒಳಗೆ ಬಂದು ನನಗೆ ಹೇಳಿದಳು, “ಆ ಕೆಂಪು ಮಾತ್ನ ಕೊನೇಗೆ ಹೇಳೋದು ಅವನು ನನ್ ಬಾಯಿಂದ ಕಲ್ತಿದ್ದು ಕಣವ್ವ.”

ಅಮ್ಮ ಹೆದರಿದ್ದು ಹೆಚ್ಚುಕಡಿಮೆ ಹಾಗೇ ಆಯಿತು. ಮಾದೇವಣ್ಣನಿಗೆ ಪರಿಹಾರ ಸಿಕ್ಕಿತು. ಅಪ್ಪನ ಕೈಯಿಂದ ಬರೆಯುವ ಕೆಲಸ ತೆಗೆದು ಪ್ಯಾಕಿಂಗಿಗೆ ಹಾಕಿದರು, ಕೆಲವು ತಿಂಗಳಿಗೆ ಅದೂ ಬೇಡವೆಂದರು. ಚಾಮರಾಜಪುರಂ ಬಿಟ್ಟು, ಆಗ ಇನ್ನೂ ಅರ್ಧ ಬಯಲಾಗಿದ್ದ ವಿಜಯನಗರದ ಅಂಚಿನಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಅಲ್ಲಿನ ಗೋಡೆಗಳ ಮೇಲೆ ಅಪ್ಪ ಏನನ್ನೂ ಅಂಟಿಸಲಿಲ್ಲ. ನಾನು ಬೆಳೆದು ಹಿಡಿದದ್ದು ಅವರು ಬಿಟ್ಟ ಕೆಲಸವನ್ನೇ. ಕುಕ್ಕರು, ಮಿಕ್ಸಿ, ಹೀಟರುಗಳ ಡಬ್ಬದೊಳಗೆ ಮಡಚಿಟ್ಟಿರುವ, ನೀವು ಓದದೆ ಎಸೆಯುವ ಆ ಕನ್ನಡದ ಹಾಳೆಗಳನ್ನು ಬರೆಯುವವರಲ್ಲಿ ನಾನೂ ಒಬ್ಬಳು. ಎಚ್ಚರಿಕೆ ಮೊದಲ ಸಾಲಿನಲ್ಲೇ ಇರಬೇಕೆಂದು ನಾನು ಕಂಪನಿಯವರ ಜೊತೆ ಜಗಳವಾಡುತ್ತೇನೆ. ಶುರುವಿಗೇ ಗಿರಾಕಿಯನ್ನು ಹೆದರಿಸಬೇಡಿ ಮೇಡಂ ಎನ್ನುತ್ತಾರೆ. ಹೆದರಲಿ ಎನ್ನುತ್ತೇನೆ. ನನ್ನ ಮಕ್ಕಳು ನನ್ನನ್ನು ಆಡಿಕೊಳ್ಳುತ್ತಾರೆ, ದಾರಿ ಕೇಳಿದವರಿಗೂ ಅಮ್ಮ ಮೊದಲು ನಾಯಿ ಎಲ್ಲಿದೆ ಎಂದು ಹೇಳುತ್ತಾಳೆ ಎಂದು. ಆಡಿಕೊಳ್ಳಲಿ.

ಹಳೆಯ ಮನೆ ಬಿಡುವ ಮುಂಚೆ ಒಂದು ಮಧ್ಯಾಹ್ನ ಮಾದೇವಣ್ಣ ಬಂದಿದ್ದ. ಬಸ್ಸಿನಲ್ಲಿ ಬಂದಿದ್ದ, ಸೈಕಲ್ ಮಾರಿದ್ದನಂತೆ. ಸಾಮಾನು ಕಟ್ಟುತ್ತಿದ್ದೆವು. ಅಪ್ಪ ಹಾಳೆಗಳನ್ನೆಲ್ಲ ಕಿತ್ತಿದ್ದರು, ಅವು ಇದ್ದ ಕಡೆ ಸುಣ್ಣ ಬೆಳ್ಳಗೆ ಉಳಿದಿತ್ತು. ಅಜ್ಜಿಯೇ ಅವನಿಗೆ ಎಲೆ ಹಾಕಿ ಮುದ್ದೆ ಬಡಿಸಿದಳು. ಅವನು ಎಡಗೈಯನ್ನು ಎಲೆಗೆ ತರಲು ನಾಚಿ ಸುಮ್ಮನೆ ಕೂತಿದ್ದ. “ಅದೂ ಶಿವ ಕೊಟ್ಟಿದ್ದೇ ಕಣಪ್ಪ, ಉಣ್ಣು” ಎಂದಳು ಅಜ್ಜಿ. ಅವನು ತಲೆ ತಗ್ಗಿಸಿ ಉಂಡ. ಅಪ್ಪ ಎದುರಿಗೆ ಕೂತಿದ್ದರು. ಎಲೆಯಲ್ಲಿ ಸಾರು ಮುಗಿದಾಗಲೆಲ್ಲ ಅವರೇ ಬಡಿಸಿದರು. ಊಟವಾದ ಮೇಲೆ ಅವನು ಎದ್ದು, ಎಲ್ಲರಿಗೂ ಹೇಳಿ, ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಹೋದ. ಅಜ್ಜಿ ಹೊಸಿಲಿಗೆ ಬಂದಳು. ಅವನು ಎಡಗೈಯಲ್ಲಿ ಗೇಟು ಹಿಡಿದು, ಮೊದಲಿನ ಹಾಗೇ ನಿಧಾನ ಮಾಡಿದ. ಕಾದ. ಮಾತು ಬಾರದಿದ್ದಾಗ ತಿರುಗಿ ನೋಡಿದ.

“ಯಾಕಜ್ಜಿ, ಹುಷಾರು ಅನ್ನಕಿಲ್ವಾ?”

ಅಜ್ಜಿ ಬಾಯಿಂದ ಸೆರಗು ತೆಗೆದಳು.

“ನಿಂಗೆ ಅವತ್ತೇ, ಮೊದಲೇ ಹೇಳ್ಬೇಕಿತ್ತು ಕಣಪ್ಪ.”